ಹಲಗೆಗೂ ಒಂದು ಟಿಕೆಟ್

ನಾಗಪುರದ ಝೀರೋ ಮೈಲ್ ಕಂಬದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ. ಸಮೃದ್ಧಿ ಹೆದ್ದಾರಿ ಹಿಡಿದು ಮುಂಬಯಿಯ ಅಂಚು ಮುಟ್ಟಬೇಕೆಂದರೆ 701 ಕಿ.ಮೀ.; ದಕ್ಷಿಣಕ್ಕೆ ಚೆನ್ನೈ ಸಾವಿರ ಕಿ.ಮೀ. ದಾಟುತ್ತದೆ. ಊರಿನವರಿಗೆ ದೊಡ್ಡ ನೀರೆಂದರೆ ಅಂಬಾಝರಿ ಕೆರೆ, ಇಲ್ಲವೇ ಫುಟಾಳಾ ಕೆರೆ. ಅಂಥ ಊರಿನ ಧರಮ್‌ಪೇಠದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ, ಮೇ ತಿಂಗಳ ಒಂದು ಭಾನುವಾರ, ಆರಡಿ ಉದ್ದದ ಸರ್ಫ್ ಹಲಗೆ ಗೋಡೆಗೆ ಒರಗಿತ್ತು. ಪಕ್ಕದಲ್ಲಿ ಎದೆಯೆತ್ತರದ ಒಂದು ಚೀಲ. ಅದರೊಳಗೆ ಕೈಟ್‌ಬೋರ್ಡ್, ಅದರ ಮೇಲೆ ನಿಂತವರನ್ನು ಗಾಳಿ ಹಿಡಿದು ನೀರಿನ ಮೇಲೆ ಎಳೆದೊಯ್ಯುವ, ಈಗ ಮಡಚಿಟ್ಟ ಎರಡು ಕೈಟ್, ದಾರ ಸುತ್ತಿದ ಬಾರ್, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಗಾಳಿ ತುಂಬುವ ಪಂಪು.

ಮನೆಯ ಯಜಮಾನರು ಧಾರವಾಡದ ಕಡೆಯವರು, ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಓಣಿಗೆಲ್ಲ ಅವರು ಕಾಕಾ. ಮಹಡಿಯ ಬಾಡಿಗೆದಾರಳು ಮೂಲ್ಕಿಯ ಹುಡುಗಿ, ಕೆಲಸ ಮಿಹಾನ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ. ವಿಮಾನ ಹತ್ತದೆ, ಬಸ್ಸು ಹಿಡಿದುಕೊಂಡೇ ಶ್ರೀಲಂಕಾಕ್ಕೆ ಹೋಗುತ್ತೇನೆ, ಸಾಮಾನೂ ಜತೆಗೇ ಬರುತ್ತದೆ ಎಂದು ಅವಳು ಹೇಳಿದ್ದೇ ತಡ, ಕಾಕಾ ತರ್ರಿ ಪೋಹಾದ ತಟ್ಟೆ ಕೆಳಗಿಟ್ಟರು.

"ಲಂಕಾಕ್ಕ ಬಸ್ಸು? ತಂಗಿ, ಹನುಮಪ್ಪ ಸೈತ ಹಾರೇ ಹೋಗಿದ್ದ."

"ನಡುವೆ ನಾಲ್ಕು ಗಂಟೆಯ ಹಡಗು ಉಂಟು ಕಾಕಾ. ಉಳಿದದ್ದೆಲ್ಲ ಬಸ್ಸು. ಇಲ್ಲಿಂದ ಹೈದರಾಬಾದ್, ಅಲ್ಲಿಂದ ಚೆನ್ನೈ, ಚೆನ್ನೈಯಿಂದ ನಾಗಪಟ್ಟಿಣಂ. ಹಡಗು ಇಳಿದರೆ ಕಾಂಕೇಸಂತುರೈ. ಜಾಫ್ನಾದಿಂದ ಕೊಲಂಬೊಕ್ಕೆ ಹೋಗುವ ಬಸ್ಸು ಅನುರಾಧಪುರ, ಪುತ್ತಳಂ ಮೇಲೆ ಹೋಗ್ತದೆ. ಪುತ್ತಳಂ ಹತ್ತಿರ ಇಳಿದರೆ ಕಲ್ಪಿಟಿಯಕ್ಕೆ ಲೋಕಲ್ ಬಸ್ಸು. ಅಲ್ಲಿ ಕೈಟ್. ಆಮೇಲೆ ಪೂರ್ವ ಕರಾವಳಿಯ ಅರುಗಂ ಬೇ, ಅಲ್ಲಿ ಸರ್ಫ್."

"ಅಂದ್ರ ಏಳೆಂಟು ಸಲ ಹತ್ತೂದು, ಏಳೆಂಟು ಸಲ ಇಳಿಯೂದು. ಇದನ್ನ ಹೊತ್ತುಕೊಂಡು?"

"ಹೊತ್ತುಕೊಂಡೇ."

ಆಕೆ ಹೇಳಿದ ಹಾದಿ ಹೊಸದೂ ಹೌದು, ಹಳೆಯದೂ ಹೌದು. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದ್ರಾಸಿನಿಂದ ಧನುಷ್ಕೋಟಿಗೆ ಬೋಟ್ ಮೇಲ್ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮುಂದೆ ಕೊಲಂಬೊಕ್ಕೆ ಮತ್ತೆ ರೈಲು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ಅಳಿಸಿಹಾಕಿತು. ಆ ಮೇಲೆ ರಾಮೇಶ್ವರದಿಂದ ನಡೆದ ಹಡಗು ಸೇವೆ 1980ರ ದಶಕದಲ್ಲಿ ಲಂಕೆಯ ಯುದ್ಧದ ನಡುವೆ ನಿಂತುಹೋಯಿತು. ನಾಗಪಟ್ಟಿಣಂನಿಂದ ಪ್ರಯಾಣಿಕರ ಹಡಗು ಹೊರಟದ್ದು 2023ರ ಅಕ್ಟೋಬರ್ 14ರಂದು. ಕೆಲವೇ ದಿನಗಳಲ್ಲಿ ಹಿಂಗಾರು ಮಳೆಗೆ ಅದೂ ನಿಂತು, 2024ರ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ಗಾಳಿಯನ್ನೇ ಹುಡುಕಿಕೊಂಡು ಹೋಗುವವರು ಗಾಳಿಗೆ ಹೆದರುವ ಹಡಗನ್ನು ನಂಬಬೇಕು; ಇದೊಂದು ತಮಾಷೆ. ಆದರೆ ಲೆಕ್ಕ ಕೂಡಿಬರುತ್ತದೆ. ಹಡಗು ತಡವರಿಸುವುದು ವರ್ಷದ ಕೊನೆಯ ಈಶಾನ್ಯ ಮಾರುತಕ್ಕೆ, ಕಲ್ಪಿಟಿಯದ ದೊಡ್ಡ ಗಾಳಿಯ ಕಾಲ ಮೇಯಿಂದ ಸೆಪ್ಟೆಂಬರ್. ನಾಗಪುರದ ಜನ ಆಕಾಶ ನೋಡುತ್ತ ಕಾಯುವ ಅದೇ ನೈರುತ್ಯ ಮಾರುತ, ಪುತ್ತಳಂನ ಒಣ ಸೀಮೆಯ ಮೇಲೆ ಹೆಚ್ಚು ಮಳೆ ಸುರಿಸದೆ ರಭಸವಾಗಿ ಬೀಸುತ್ತದೆ.

"ರೈಲಿನಾಗ ಯಾಕ ಹೋಗೂದಿಲ್ಲ? ಮದ್ರಾಸಿಗೆ ಇಲ್ಲಿಂದ ಜಿ.ಟಿ. ಅದ, ತಮಿಳುನಾಡು ಎಕ್ಸ್‌ಪ್ರೆಸ್ ಅದ."

"ನೀವೇ ಹೇಳಿ, ಇದನ್ನು ಬೋಗಿಯೊಳಗೆ ಬಿಡ್ತಾರಾ?"

ಕಾಕಾ ಎದ್ದು ಗೇಣಿನಲ್ಲಿ ಹಲಗೆ ಅಳೆದರು. ನಿವೃತ್ತರಾದರೂ ನಿಯಮ ಮರೆತವರಲ್ಲ. "ಬೋಗಿಯೊಳಗ ಒಯ್ಯೂ ಪೆಟ್ಟಿಗಿ ಒಂದು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ದಪ್ಪ ಮೀರಬಾರದು. ಥ್ರೀ ಟಯರ್ ಎ.ಸಿ.ಯೊಳಗ ಇನ್ನೂ ಸಣ್ಣದು. ಸ್ಲೀಪರಿಗೆ 40 ಕೆ.ಜಿ. ಬಿಟ್ಟಿ ಅದ ಖರೆ, ತೂಕ ನಿಂದು ಆಗ್ತದ, ಉದ್ದ ಆಗೂದಿಲ್ಲ. ಬ್ರೇಕ್ ವ್ಯಾನಿನಾಗ ಬುಕ್ ಮಾಡಬೇಕು."

"ಬುಕ್ ಮಾಡಿದ್ದು ನನ್ನ ರೈಲಿನಲ್ಲೇ ಬರ್ತದೆ ಅಂತ ಗ್ಯಾರಂಟಿ ಉಂಟಾ?"

ಪಾರ್ಸೆಲ್ ಆಫೀಸಿನ ಮಾಜಿ ನೌಕರರು ಈ ಪ್ರಶ್ನೆಗೆ ಉತ್ತರ ಕೊಡುವ ಬದಲು ಚಹಾ ಕುಡಿದರು.

"ಅದಕ್ಕೇ ಬಸ್ಸು," ಎಂದಳು ಆಕೆ. "ಡಿಕ್ಕಿ ತೆಗೆದಾಗಲೆಲ್ಲ ಇಳಿದು ನೋಡಬಹುದು. ಮೊರಾಕೊದಲ್ಲಿ ಮರ್ರಾಕೇಶ್‌ನಿಂದ ಎಸ್ಸಾವಿರಾಕ್ಕೆ ಕೈಟ್‌ನವರು ಹೋಗುವುದು ಬಸ್ಸಿನಲ್ಲೇ. ಅಲ್ಲಿ ಸಿ.ಟಿ.ಎಂ. ಅಂತ ಕಂಪನಿ ಉಂಟು. ಲಗೇಜನ್ನು ತೂಕ ಹಾಕಿ ಬೇರೆ ರಸೀದಿಯೇ ಕೊಡ್ತಾರೆ. ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಕಡೆ ಅಮೆರಿಕದ ಹಳೆ ಸ್ಕೂಲ್ ಬಸ್ಸುಗಳು ಓಡ್ತವೆ, ಹಲಗೆ ಟಾಪ್ ಮೇಲೆ. ವಿಯೆಟ್ನಾಂನ ಮುಯಿ ನೆಗೆ ಹೋ ಚಿ ಮಿನ್ ಸಿಟಿಯಿಂದ ಸ್ಲೀಪರ್ ಬಸ್ಸು. ಯಾರಿಗೂ ಆಶ್ಚರ್ಯ ಇಲ್ಲ."

"ಅಲ್ಲಿ ಇದ್ದದ್ದು ಅಲ್ಲಿ. ಅಲ್ಲೆ ಕಂಡಕ್ಟರ್ ದಿನಾ ಹಲಗಿ ನೋಡ್ತಾನ, ಅವನಿಗೆ ಅದರ ರೇಟ್ ಗೊತ್ತದ. ಇಲ್ಲೆ ಗಣೇಶಪೇಠ ಸ್ಟ್ಯಾಂಡಿನಾಗ ನಮ್ಮ ಎಸ್.ಟಿ. ಕಂಡಕ್ಟರ್ ಇದನ್ನ ಏನಂತ ಬರೀಬೇಕು? ಬಾಗಿಲಾ? ಮಂಚಾ?"

ಕಂಡಕ್ಟರರ ಪುಸ್ತಕದಲ್ಲಿ ಇಲ್ಲದ ಸಾಮಾನಿಗೆ ಏನಾಗುತ್ತದೆ ಎಂಬುದು ಕನ್ನಡ ನಾಡಿಗೂ ಗೊತ್ತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಅಜ್ಜಿ ಮತ್ತು ಮೊಮ್ಮಗಳ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್ಸ್‌ಗೆ ಕೆ.ಎಸ್.ಆರ್.ಟಿ.ಸಿ. ಕಂಡಕ್ಟರ್ ತಲಾ 111 ರೂಪಾಯಿಯಂತೆ 444 ರೂಪಾಯಿಯ ಟಿಕೆಟ್ ಹರಿದದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ನಕ್ಕವರು ನಕ್ಕರು. ಆದರೆ ಟಿಕೆಟ್ ಹರಿಯುವ ಕಂಡಕ್ಟರನೇ ಮೇಲು. ಜಾಗಕ್ಕೆ ಬೆಲೆ ಕಟ್ಟಿದನೆಂದರೆ ಒಯ್ಯಲು ಒಪ್ಪಿದನೆಂದೇ ಅರ್ಥ. ಕಷ್ಟ ಇರುವುದು ತಲೆಯಾಡಿಸಿ 'ಇಡಿ, ಇಡಿ' ಎಂದು, ಮೇಲೆ ಕಿತ್ತಳೆಯ ಪೆಟ್ಟಿಗೆ ಹೇರುವವರಲ್ಲಿ.

"ಬಸ್ಸಿನ ಡಿಕ್ಕಿ ಮೇ ತಿಂಗಳಾಗ ಹೆಂಗಿರ್ತದ ಗೊತ್ತದೇನು?" ಕಾಕಾ ಹೊಸ ದಾರಿ ಹಿಡಿದರು. "ನಾಗಪುರದಾಗ 47 ಡಿಗ್ರಿ ಮುಟ್ಟತದ. ಡಿಕ್ಕಿ ಮುಚ್ಚಿದ್ರ ಕೆಳಗ ರೋಡಿನ ಕಾವು, ಹಿಂದ ಎಂಜಿನ್ನಿನ ಕಾವು. ನಿನ್ನ ಹಲಗಿ ಯಾತರದ್ದು?"

"ಒಳಗೆ ಇ.ಪಿ.ಎಸ್. ಫೋಮ್, ಮೇಲೆ ಫೈಬರ್‌ಗ್ಲಾಸ್, ಎಪಾಕ್ಸಿ."

"ಫೋಮ್ ಅಂದ್ರ ಥರ್ಮೋಕೋಲ್ ಜಾತಿ. ಕಾವಿಗೆ ಉಬ್ಬೂದಿಲ್ಲೇನು?"

ಹುಡುಗಿ ಮೊದಲ ಸಲ ತಡವರಿಸಿದಳು. ಮುದುಕರ ಊಹೆ ಸರಿಯಾಗಿಯೇ ಇತ್ತು. ಕಾದ ಕಾರಿನಲ್ಲಿ ಬಿಟ್ಟ ಎಪಾಕ್ಸಿ ಹಲಗೆಯ ಒಳಗಿನ ಗಾಳಿ ಹಿಗ್ಗಿ, ಫೋಮಿನಿಂದ ಮೇಲಿನ ಪದರ ಬಿಟ್ಟುಕೊಂಡು ಗುಳ್ಳೆ ಏಳುವುದು ಸರ್ಫ್ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಕಾಲು ಜಾರದಂತೆ ಮೇಲೆ ಸವರಿದ ಮೇಣವಂತೂ ಅದಕ್ಕೆ ಮೊದಲೇ ಕರಗಿ ಚೀಲಕ್ಕೆ ಅಂಟುತ್ತದೆ.

"ಫಿನ್ ಬಿಚ್ಚಿ, ಮೂಗಿಗೂ ಬಾಲಕ್ಕೂ ಫೋಮ್ ಕಟ್ಟಿ, ಟವೆಲಿನಲ್ಲಿ ಸುತ್ತಿ ಇಡ್ತೇನೆ. ಏಟು ಬಿದ್ದು ಡಿಂಗ್ ಆದರೆ ತೇಪೆಗೆ ರೆಸಿನ್ ಉಂಟು. ಬಿಸಿಲಿಗಿಟ್ಟರೆ ಗಟ್ಟಿಯಾಗ್ತದೆ." ಆಕೆ ಸಣ್ಣ ಟ್ಯೂಬ್ ತೋರಿಸಿದಳು.

ಕಾಕಾ ಕನ್ನಡಕ ಏರಿಸಿ ಅದರ ಮೇಲಿದ್ದ ಬೆಂಕಿಯ ಚಿತ್ರ ನೋಡಿದರು. ಧ್ವನಿ ಬದಲಾಯಿತು.

"ಇದನ್ನ ಮಾತ್ರ ಬಸ್ಸಿನಾಗ ಇಡಬ್ಯಾಡ. ತಮಾಷಿ ಅಲ್ಲ. 2023ರ ಜುಲೈ ಒಂದಕ್ಕ, ನಡುರಾತ್ರಿ ದಾಟಿದ ಮ್ಯಾಲೆ, ಇಲ್ಲಿಂದ ಪುಣೆಗೆ ಹೊಂಟ ಬಸ್ಸು ಸಮೃದ್ಧಿ ರಸ್ತೆದಾಗ, ಬುಲಢಾಣಾ ಜಿಲ್ಲಾದಾಗ, ಸುಟ್ಟು 25 ಮಂದಿ ಹೋದರು. 2025ರ ಅಕ್ಟೋಬರದಾಗ ಕರ್ನೂಲಿನ ಹತ್ತಿರ ಹೈದರಾಬಾದ್–ಬೆಂಗಳೂರು ಬಸ್ಸು ಸುಡ್ತು. ಡಿಕ್ಕಿಯೊಳಗ ಮೊಬೈಲ್ ಫೋನಿನ ಪಾರ್ಸೆಲ್ ಇತ್ತಂತ ಪೇಪರಿನಾಗ ಬಂತು. ನಾ ಪಾರ್ಸೆಲ್ ಆಫೀಸಿನಾಗ ಇದ್ದಾಂವ. ಒಳಗೇನದ ಅನ್ನೂದು ಮೇಲೆ ಕೂತವರಿಗೆ ಗೊತ್ತಿರೂದಿಲ್ಲ."

ಆಕೆ ವಾದ ಮಾಡಲಿಲ್ಲ. ಟ್ಯೂಬ್ ಕಪಾಟಿಗೆ ಹೋಯಿತು. ಅರುಗಂ ಬೇಯ ಅಂಗಡಿಗಳಲ್ಲಿ ಅದು ಸಿಗುತ್ತದೆ.

"ಟ್ಯೂಬ್ ಅಲ್ಲಿ ಸಿಗ್ತದಂದ್ರ ಹಲಗಿನೂ ಅಲ್ಲೆ ಸಿಗ್ತದಲ್ಲ," ಎಂದರು ಕಾಕಾ, ಬಿಟ್ಟ ಬಾಣದ ಹಿಂದೆಯೇ ಇನ್ನೊಂದು. "ಬಾಡಿಗಿಗೆ ತಗೊ. ಕೈ ಬೀಸಿಕೊಂಡು ಹೋಗು."

"ಸರ್ಫ್ ಹಲಗೆ ಸರಿ. ಅದನ್ನು ಒಪ್ಪಿದೆ," ಎಂದಳು. ಒಪ್ಪುವಾಗ ಗೋಡೆಯ ಕಡೆ ನೋಡಲಿಲ್ಲ. "ಅರುಗಂ ಬೇಯಲ್ಲಿ, ವೆಲಿಗಾಮದಲ್ಲಿ ಬೀದಿ ತುಂಬ ಬಾಡಿಗೆ ಹಲಗೆ. ಕೈಟ್ ಹಾಗಲ್ಲ ಕಾಕಾ. ನನ್ನ ತೂಕ ಕಡಿಮೆ. ಗಾಳಿಗೂ ತೂಕಕ್ಕೂ ಸರಿಯಾಗಿ ಕೈಟಿನ ಅಳತೆ. ಜೋರು ಗಾಳಿಯ ದಿನ ಸಣ್ಣ ಕೈಟುಗಳೇ ಮೊದಲು ಖಾಲಿ. ಉಳಿದದ್ದು ದೊಡ್ಡದು. ದೊಡ್ಡದು ಹಾರಿಸಿದರೆ ಅದು ನನ್ನನ್ನು ಹಾರಿಸ್ತದೆ."

"ಗಾಳಿಪಟ ಮನಿಷ್ಯಾನ್ನ ಹಾರಸ್ತದ?"

"ಹಾರಿಸ್ತದೆ. ಇಪ್ಪತ್ತು ಮೀಟರಿಗೂ ಉದ್ದದ ದಾರ, ಇನ್ನೊಂದು ತುದಿ ನನ್ನ ಸೊಂಟದಲ್ಲಿ. ಕೈ ತಪ್ಪಿದರೆ ಬಿಡಿಸಿಕೊಳ್ಳಲಿಕ್ಕೆ ಇಲ್ಲಿ ಒಂದು ರಿಲೀಸ್ ಉಂಟು, ನೋಡಿ. ದೂಡಿದರೆ ಬಿಟ್ಟುಕೊಳ್ಳಬೇಕು. ಉಪ್ಪು, ಮರಳು ಕೂತರೆ ಬಿಗಿಯಾಗ್ತದೆ. ಇದಕ್ಕೆಂದೇ 2020ರಲ್ಲಿ ಐ.ಎಸ್.ಒ. ಮಾನದಂಡ ಬಂತು. ನಾನು ತೊಳೆದು ಇಟ್ಟ ರಿಲೀಸ್ ನನಗೆ ಗೊತ್ತು. ಬಾಡಿಗೆಯವರದ್ದು ನಿನ್ನೆ ಯಾರ ಕೈಯಲ್ಲಿ ಇತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು?"

ಕಾಕಾ ಬಾರ್ ಕೈಗೆತ್ತಿಕೊಂಡು ಕೆಂಪು ರಿಲೀಸನ್ನು ಎರಡು ಸಲ ದೂಡಿ ನೋಡಿದರು. ಸುತ್ತಿದ ದಾರವನ್ನು ಉಗುರಿನಿಂದ ಎಳೆದರು. "ಸಂಕ್ರಾಂತಿಯಾಗ ಇದನ್ನ ಹೊರಗ ತಗದಿದ್ದ್ಯೋ, ನೈಲಾನ್ ಮಾಂಜಾ ಅಂತ ಪೊಲೀಸರು ಹಿಡಕೊಂಡು ಹೋಗ್ತಿದ್ದರು." ನಾಗಪುರದಲ್ಲಿ ಇದು ಹುಡುಗಾಟದ ಮಾತಲ್ಲ. ನಿಷೇಧಿತ ಮಾಂಜಾ ಕತ್ತು ಕೊಯ್ದ ಪ್ರಕರಣಗಳನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತಾನಾಗಿಯೇ ಕೈಗೆತ್ತಿಕೊಂಡಿದೆ.

ಗೋಡೆಯ ಮೂಲೆಯಲ್ಲಿ, ಗವಸು ಹಾಕಿದ ತಂಬೂರಿಯೊಂದು ನಿಂತಿತ್ತು. ಹುಡುಗಿಯ ಕಣ್ಣು ಅಲ್ಲಿಗೆ ಹೋಯಿತು.

"ಅದನ್ನು ಎಲ್ಲಿಂದ ತಂದಿರಿ ಕಾಕಾ?"

"ಮಿರಜಿನಿಂದ. ಮಹಾರಾಷ್ಟ್ರ ಎಕ್ಸ್‌ಪ್ರೆಸ್ಸಿನಾಗ."

"ಅದು ಒಂದು ಮೀಟರ್ ಒಳಗೆ ಉಂಟಾ?"

ಕಾಕಾ ನಕ್ಕರು. ಸಿಕ್ಕಿಬಿದ್ದದ್ದು ಅವರಿಗೂ ತಿಳಿಯಿತು. "ತಂಬೂರಿ ಬ್ಯಾರೆ."

"ಎಂತ ಬೇರೆ? ನಾಗಪುರದಲ್ಲಿ ತಂಬೂರಿ ಸಿಗುವುದಿಲ್ಲವಾ? ಅಷ್ಟು ದೂರದಿಂದ ಕುಂಬಳಕಾಯಿಯ ಬುರುಡೆ ಹೊತ್ತು ತರಬೇಕಿತ್ತಾ?"

"ಜವಾರಿ ಅಂತ ಒಂದು ಅದ, ತಂಗಿ. ಕುದುರೆಯ ಮ್ಯಾಲೆ ತಂತಿ ಎಷ್ಟು ತಾಗಬೇಕು ಅನ್ನೂದನ್ನ ಮಿರಜಿನಾಂವ ಕೂತು ನನ್ನ ಕಿವಿಗೆ ತಕ್ಕಂಗ ಉಜ್ಜಿ ಕೊಟ್ಟಿದ್ದ. ಬ್ಯಾರೆಯವರ ತಂಬೂರಿಯೊಳಗ ನನ್ನ ಷಡ್ಜ ಹತ್ತೂದಿಲ್ಲ."

"ನನಗೂ ಬೇರೆಯವರ ಬಾರಿನಲ್ಲಿ ಗಾಳಿ ಹತ್ತುವುದಿಲ್ಲ."

ಇಷ್ಟಕ್ಕೆ ವಾದ ಮುಗಿಯಬಹುದಿತ್ತು. ಪಾರ್ಸೆಲ್ ಆಫೀಸಿನ ಮನುಷ್ಯ ಹಾಗೆ ಬಿಡುವವರಲ್ಲ.

"ನಾ ತಂಬೂರಿ ದಿನಾ ಮುಂಜಾನೆ ಹಿಡೀತೀನಿ. ನೀ ಇದನ್ನ ವರ್ಷದಾಗ ಎಷ್ಟು ದಿನ ಹಾರಸ್ತೀ? ರಜಾ ಸಿಕ್ಕಾಗ ನಾಕು ದಿನ. ಉಳದ ದಿನ ಇದು ನನ್ನ ಮೆಟ್ಟಲಿನ ಕೆಳಗ ಕೂತಿರ್ತದ. ಅಷ್ಟಕ್ಕ ಇಷ್ಟು ರೊಕ್ಕಾ ಹಾಕಿ, ನಾಕು ಬಸ್ಸಿನ ಮಂದಿಗೆ ತೊಂದ್ರಿ ಕೊಟ್ಟು..."

"ಸಮುದ್ರ ಬಿಟ್ಟು ಬಂದವರಿಗೆ ದಿನಾ ಹಾರಿಸುವುದು ಹೇಗೆ ಸಾಧ್ಯ? ಕೆಲಸ ಇಲ್ಲಿ, ಕಡಲು ಅಲ್ಲಿ. ಮೂಲ್ಕಿಯಲ್ಲಿ ಇದ್ದರೆ ಶಾಂಭವಿ ನದಿ ಸಮುದ್ರ ಸೇರುವ ಕಡೆ ಬೆಳಿಗ್ಗೆ ಹೋಗಿ ಬರ್ತಿದ್ದೆ."

ಮೂಲ್ಕಿಯ ಹೆಸರು ಬಂದರೆ ಸರ್ಫಿಂಗ್ ಸ್ವಾಮಿಗಳ ಕಥೆ ಬಾರದೆ ಇರದು. ಆ ಸ್ವಾಮಿ, ಅಮೆರಿಕದ ಜ್ಯಾಕ್ ಹೆಬ್ನರ್, ಅಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಬೆಳಗಿನ ಜಾವ ಜಪ, ಆಮೇಲೆ ಅಲೆ. ಅದರಿಂದ ತುಸು ಉತ್ತರಕ್ಕೆ, ಉಡುಪಿಯ ಕೋಡಿ ಬೇಂಗ್ರೆಯಲ್ಲಿ ಮಣಿಪಾಲಕ್ಕೆ ಓದಲು ಬಂದ ಮುಂಬಯಿಯ ಇಶಿತಾ ಮಾಳವೀಯ ಗೆಳೆಯನ ಜತೆ ಶಾಕಾ ಸರ್ಫ್ ಕ್ಲಬ್ ಶುರುಮಾಡಿದರು. ದೇಶದ ಮೊದಲ ವೃತ್ತಿಪರ ಸರ್ಫರ್ ಮಹಿಳೆ ಎಂಬ ಹೆಸರು ಅವರದು. ಮೊದಮೊದಲು ಹಲಗೆಗಳು ಸಿಗುತ್ತಿದ್ದುದು ಹೊರದೇಶದಿಂದ ಬಂದವರ ಕೈಯಿಂದಲೇ. ನಮ್ಮ ಕರಾವಳಿಗೆ ಈ ಆಟ ಬಂದದ್ದೇ ಯಾರೋ ಹೊತ್ತು ತಂದ ಸಾಮಾನಿನಿಂದ.

ಇದನ್ನೇ ಆಕೆ ತನ್ನ ಪರವಾಗಿ ಎಸೆದಳು. "ಹೊತ್ತು ತಂದವರು ಇಲ್ಲದಿದ್ದರೆ ಕರಾವಳಿಯ ಮಕ್ಕಳು ಕಲಿಯುತ್ತಿದ್ದರಾ? 2025ರಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವರು ಯಾರು ಗೊತ್ತುಂಟಾ? ಕೇರಳದ ಕೋವಳಂನ ರಮೇಶ್ ಬೂದಿಹಾಳ."

"ಬೂದಿಹಾಳ? ಅದು ನಮ್ಮ ಕಡೀ ಅಡ್ಡಹೆಸರು!"

"ಹೌದು, ಮೂಲ ಕರ್ನಾಟಕವೇ."

ಕಾಕಾರ ಮುಖ ಅರಳಿತು, ಆದರೆ ವಾದ ಸಡಿಲಲಿಲ್ಲ. "ಚಲೋ ಆತು. ಆದ್ರ ಆ ಹುಡುಗ ಕಡಲ ದಂಡಿಮ್ಯಾಲೆ ಇದ್ದು ಗೆದ್ದ. ನಾ ಕೇಳೂದು ಬಸ್ಸಿನ ಮಾತು. ಲಂಕಾದ ಲೋಕಲ್ ಬಸ್ಸಿನಾಗ ಡಿಕ್ಕಿ ಇರ್ತದೇನು?"

"ಹೆಚ್ಚಿನದರಲ್ಲಿ ಇಲ್ಲ. ಡ್ರೈವರಿನ ಪಕ್ಕ, ಇಲ್ಲದಿದ್ದರೆ ಹಿಂದಿನ ಸೀಟಿನಲ್ಲಿ."

"ಮೀನಿನ ಬುಟ್ಟಿ ಹಿಡಕೊಂಡು ಹೆಣ್ಣಮಕ್ಕಳು ಬರ್ತಾರ, ಸಾಲಿಗೆ ಹೋಗೂ ಹುಡುಗರು ಬರ್ತಾರ. ಅವರ ಬಸ್ಸದು. ನೀ ಆಟಕ್ಕ ಹೊಂಟಾಕಿ. ಎರಡು ಮಂದಿ ನಿಲ್ಲೂ ಜಾಗಾದಾಗ ನಿನ್ನ ಚೀಲಾ."

ಇಡೀ ಮಾತುಕತೆಯಲ್ಲಿ ತೂಕದ ಪ್ರಶ್ನೆ ಇದೇ ಎನ್ನಬೇಕು. ವಿಮಾನ ಬಿಟ್ಟು ನೆಲದ ಮೇಲೆ ಹೋಗುವವರಿಗೆ ತಾವು ಹೊಗೆ ಕಡಿಮೆ ಮಾಡಿದೆವು, ಜನರ ನಡುವೆ ಹೋದೆವು ಎಂಬ ಸಣ್ಣ ಹೆಮ್ಮೆ ಇರುತ್ತದೆ. ವಿಮಾನದಲ್ಲಿ ಅವರ ಸಾಮಾನು ಯಾರ ಮೊಣಕಾಲಿಗೂ ತಾಗುವುದಿಲ್ಲ, ದುಡ್ಡು ಕಟ್ಟಿದರೆ ಮುಗಿಯಿತು. ಬಸ್ಸಿನಲ್ಲಿ ತಾಗುತ್ತದೆ. ತಾಗಿದವರು ಆ ಕಡಲಲ್ಲಿ ಆಡುವವರಲ್ಲ, ದುಡಿಯುವವರು.

"ಒಂದು ಸೀಟಿನ ದುಡ್ಡು ಜಾಸ್ತಿ ಕೊಡ್ತೇನೆ. ಅಲ್ಲಿಯ ಪ್ರೈವೇಟ್ ಬಸ್ಸಿನವರು ಕೇಳುವುದೂ ಅದನ್ನೇ."

"ರೊಕ್ಕಾ ಕೊಟ್ರ ಜಾಗಾ ನಿಂದಾತು. ನಿಂತವರ ಕಾಲು ನೋಯೂದು ನಿಂತತೇನು?"

"ಹಾಗಾದರೆ ವಿಮಾನದಲ್ಲಿ ಹೋಗು ಅಂತೀರಾ?"

"ನಾ ಹಂಗೂ ಅನ್ನಲಿಲ್ಲ. ಚೀಲಾ ಸಣ್ಣದು ಮಾಡು. ಹಲಗಿ ಮಡಚಲಿಕ್ಕೆ ಬರೂದಿಲ್ಲೇನು?"

"ಎರಡು ತುಂಡಾಗಿ ಬಿಚ್ಚುವ ಕೈಟ್‌ಬೋರ್ಡ್ ಉಂಟು. ಪೋಲೆಂಡಿನ ಕಂಪನಿಯೊಂದು ಮಾಡ್ತದೆ. ದುಬಾರಿ. ತೂಕವೂ ಸ್ವಲ್ಪ ಹೆಚ್ಚು."

"ಬಿಚ್ಚಿದ್ರ ಒಂದು ಮೀಟರಿನೊಳಗ ಬರ್ತದೋ ಇಲ್ಲೋ?"

"ಬರ್ತದೆ."

"ಅಂದ ಮ್ಯಾಲೆ ಮದ್ರಾಸಿನ ತನಕ ರೈಲಿನಾಗನೂ ಹೋಗ್ತದ!" ರೈಲ್ವೆ ಗೆದ್ದಿತೆಂಬ ಸಂತೋಷ ಕಾಕಾರಿಗೆ.

"ಹೈದರಾಬಾದ್ ಬಸ್ಸಿನ ಟಿಕೆಟ್ ಆಗಿದೆ ಕಾಕಾ," ಎಂದಳು ಆಕೆ. "ಆದರೆ ಚೆನ್ನೈಯಲ್ಲಿ ಒಂದು ಪೀಕಲಾಟ ಉಂಟು. ಹೈದರಾಬಾದಿನ ಬಸ್ಸು ಬಿಡುವುದು ಊರಿನ ಒಂದು ಕಡೆ, ನಾಗಪಟ್ಟಿಣಂ ಕಡೆಯ ಬಸ್ಸು ಹೊರಡುವುದು ಇನ್ನೊಂದು ತುದಿಯ ಕಿಳಾಂಬಾಕ್ಕಂನಿಂದ. ನಡುವೆ ಆಟೊ. ಎದೆಯೆತ್ತರದ ಚೀಲ ಆಟೊದಲ್ಲಿ ಅಡ್ಡ ಇಟ್ಟರೆ ಎರಡೂ ಕಡೆ ಹೊರಗೆ."

"ನೆಟ್ಟಗ ನಿಲ್ಲಿಸು, ನೀ ಅಡ್ಡ ಕೂಡು. ಪ್ಯಾಕಿಂಗ್ ನಾ ಮಾಡಿ ಕೊಡ್ತೀನಿ. ಗೋಣಿತಟ್ಟು, ಹುಲ್ಲು, ಸುತ್ತಲಿಕ್ಕೆ ಸುತಳಿ. ನಿಮ್ಮ ಫೋಮ್ ಗೀಮ್ ನಂಬೂದಿಲ್ಲ ನಾ."

"ಹುಲ್ಲು ಬೇಡ. ಲಂಕೆಯ ಕಸ್ಟಮ್ಸಿನವರು ಬಿಚ್ಚಿ ಕೂತಾರು."

"ಹೋಗಲಿ, ಗೋಣಿತಟ್ಟು. ಮ್ಯಾಲೆ ಹೆಸರು, ಊರು, ತೂಕ ಬರೀತೀನಿ. ಬರದದ್ದು ಕಂಡ್ರ ಹಮಾಲ ಒಗಿಯೂದಿಲ್ಲ, ಇಳಸ್ತಾನ."

ಆಕೆ ಮೆಟ್ಟಿಲ ಕೆಳಗಿನಿಂದ ತಕ್ಕಡಿ ತಂದಳು. ಸರ್ಫ್ ಹಲಗೆ ಬಿಟ್ಟು ಉಳಿದದ್ದನ್ನೆಲ್ಲ ತೂಗಿದರು, ಇಪ್ಪತ್ತು ಕೆ.ಜಿ. ಒಳಗೇ ನಿಂತಿತು. ಚೀಲಕ್ಕೆ ದಬ್ಬಣ ಹಾಕುತ್ತ ಕಾಕಾ ಮತ್ತೆ ಅಲ್ಲಿಗೇ ಬಂದರು.

"ಒಂದು ಹೇಳು. ಜಾಫ್ನಾ ಬಸ್ಸಿನಾಗ ಹಲಗಿಗೆ ಸೀಟ್ ತಗೊಂಡೀ ಅಂತ ಇಟ್ಟುಕೊ. ಬುಟ್ಟಿ ಹಿಡಕೊಂಡು ಮುದುಕಿ ಒಬ್ಬಾಕಿ ಹತ್ತತಾಳ. ಏನ ಮಾಡ್ತೀ?"

"ನನ್ನ ಸೀಟು ಬಿಟ್ಟುಕೊಡ್ತೇನೆ."

"ನಿನ್ನ ಸೀಟಿನ ಮಾತಲ್ಲ. ಹಲಗಿ ಸೀಟು ಕೇಳ್ಲಿಕತ್ತೀನಿ."

"ಮಿರಜಿನಿಂದ ಬರುವಾಗ ತಂಬೂರಿಯ ಜಾಗ ನೀವು ಯಾರಿಗಾದರೂ ಬಿಟ್ಟುಕೊಟ್ಟಿದ್ದಿರಾ?"

ಕಾಕಾ ಸುತಳಿ ಹಲ್ಲಿನಿಂದ ಕಡಿದರು. "ಪುಣೆ ದಾಟಿದ ಮ್ಯಾಲೆ ಮಂದಿ ಭಾಳ ಆತು. ಮನಮಾಡದ ತನಕ ನಾನೇ ನಿಂತು ಬಂದೆ. ತಂಬೂರಿ ಕೂತಿತ್ತು."

"ಮತ್ತೆ?"

"ಮತ್ತೇನು, ಎದುರಿನ 'ಆಜಿ' ಒಬ್ಬಾಕಿ ನನಗ ಛಲೋತ್ನಾಗೇ ಬೈದ್ಲು. ಅದಕ್ಕ ಕೇಳ್ಲಿಕತ್ತೀನಿ."